ತಂತ್ರಾಂಶಕ್ಕೆ ಕೈಪಿಡಿ ಬರೆಯುವ ಬಗೆ

ಗಣಕಯಂತ್ರಕ್ಕೆ ಕೆಲಸವನ್ನು ವಿಧಿಸುವ ಆದೇಶಗಳ ಸಮುದಾಯಕ್ಕೆ ತಂತ್ರಾಂಶವೆಂದು ಹೆಸರು. ಅದನ್ನು ರಚಿಸಿದವನಿಗೆ ಅದರ ಒಳಹೊರಗೆಲ್ಲ ಗೊತ್ತು. ಬಳಸುವವನಿಗೆ ಕಾಣುವುದು ಪರದೆಯೊಂದೇ. ಈ ಇಬ್ಬರ ನಡುವಣ ಅಂತರವನ್ನು ತುಂಬಬೇಕಾದದ್ದು ಕೈಪಿಡಿ. ಅದನ್ನು ಕೊನೆಯ ಗಳಿಗೆಯಲ್ಲಿ ಹೇಗೋ ಮುಗಿಸಬಹುದಾದ ಚಿಲ್ಲರೆ ಕೆಲಸವೆಂದು ಭಾವಿಸುವವರೇ ಹೆಚ್ಚು. ಇದೆಂತಹ ತಪ್ಪೆಂಬುದನ್ನು ಥೆರಾಕ್-25 ಎಂಬ ಯಂತ್ರದ ಕಥೆಯಿಂದ ತಿಳಿಯಬಹುದು.

ಕೆನಡದ ಅಣುಶಕ್ತಿ ಸಂಸ್ಥೆಯೊಂದು ನಿರ್ಮಿಸಿದ ಈ ಯಂತ್ರವು ಕ್ಯಾನ್ಸರ್ ರೋಗಿಗಳಿಗೆ ಎಲೆಕ್ಟ್ರಾನುಗಳಿಂದಲೋ ಕ್ಷ-ಕಿರಣಗಳಿಂದಲೋ ಚಿಕಿತ್ಸೆ ನೀಡುತ್ತಿತ್ತು. ಅದರ ಹತೋಟಿ ಬಹುಮಟ್ಟಿಗೆ ಗಣಕಕ್ಕೆ ಸೇರಿತ್ತು. 1986ರ ಮಾರ್ಚ್ 21ರಂದು ಅಮೆರಿಕದ ಟೆಕ್ಸಾಸ್ ಪ್ರಾಂತದ ಟೈಲರ್ ಪಟ್ಟಣದಲ್ಲಿ ರೋಗಿಯೊಬ್ಬನಿಗೆ 180 ರ‍್ಯಾಡ್ ಪ್ರಮಾಣದ ಎಲೆಕ್ಟ್ರಾನ್ ಚಿಕಿತ್ಸೆ ಆಗಬೇಕಾಗಿತ್ತು. ಯಂತ್ರವನ್ನು ನಡೆಸುತ್ತಿದ್ದಾಕೆ ಮೊದಲು ಕ್ಷ-ಕಿರಣದ ಅಕ್ಷರವನ್ನು ಒತ್ತಿ, ಕೂಡಲೇ ಅದನ್ನು ತಿದ್ದಿದರು. ಚಿಕಿತ್ಸೆ ಆರಂಭವಾಗುತ್ತಲೇ ಯಂತ್ರ ನಿಂತಿತು. ಪರದೆಯ ಮೇಲೆ ‘ಮಾಲ್‌ಫಂಕ್ಷನ್ 54’, ಎಂದರೆ ‘ದೋಷ 54’, ಎಂದು ಮೂಡಿತು. ರೋಗಿಗೆ ಸಂದ ಪ್ರಮಾಣ ತೀರ ಅಲ್ಪವೆಂದೂ ಅದೇ ಪರದೆ ತೋರಿಸುತ್ತಿತ್ತು. ಬಳಕೆಯ ಪುಸ್ತಕದಲ್ಲಿ ಇಂತಹ ಸಂಖ್ಯೆಗಳ ಪ್ರಸ್ತಾಪವೇ ಇರಲಿಲ್ಲ. ಇವು ದಿನವೂ ಬಂದುಹೋಗುವುದು ಆಕೆಗೆ ರೂಢಿಯಾಗಿತ್ತು. ಮುಂದುವರಿಸುವ ಕೀಲಿಯನ್ನು ಒತ್ತಿದರು. ರೋಗಿಗೆ ತಗುಲಿದ ವಿಕಿರಣವು ಬೇಕಾದುದರ ನೂರುಪಟ್ಟಿನಷ್ಟು ಇದ್ದಿರಬೇಕೆಂದು ಅನಂತರ ಲೆಕ್ಕ ಹಾಕಲಾಯಿತು. ಐದು ತಿಂಗಳಲ್ಲಿ ಆತ ತೀರಿಕೊಂಡ. ಮೂರು ವಾರಗಳ ಬಳಿಕ ಅಲ್ಲಿಯೇ, ಅದೇ 54ರೊಡನೆ, ಇನ್ನೊಬ್ಬ ರೋಗಿಯೂ ಬಲಿಯಾದ.

ಮೂಲದೋಷ ತಂತ್ರಾಂಶದಲ್ಲಿತ್ತು, ನಿಜ. ಅದನ್ನು ಕೈಪಿಡಿ ತಿದ್ದಲಾರದು. ಆದರೆ 54 ಎಂದರೆ ಪ್ರಮಾಣವು ತೀರ ಹೆಚ್ಚೋ ತೀರ ಕಡಿಮೆಯೋ ಆಗಿದೆ ಎಂದರ್ಥವೆಂದು ಸಂಸ್ಥೆಯ ತಂತ್ರಜ್ಞರೊಬ್ಬರು ಮುಂದೆ ಸಾಕ್ಷ್ಯದಲ್ಲಿ ತಿಳಿಸಿದರು. ‘ಮುಂದುವರಿಸಬೇಡಿ, ಮೊದಲು ರೋಗಿಯನ್ನು ನೋಡಿ’ ಎಂಬ ಒಂದು ಸಾಲು ಪುಸ್ತಕದಲ್ಲಿದ್ದಿದ್ದರೆ ಆ ಕೀಲಿಯ ಮೇಲೆ ಬೆರಳು ತಡೆದೀತಲ್ಲವೆ? ಆದುದರಿಂದ ಕೈಪಿಡಿಕಾರನು ಮೊದಲು ಬರೆಯಬೇಕಾದದ್ದು ತಂತ್ರಾಂಶದ ಗುಣಗಾನವನ್ನಲ್ಲ. ಪರದೆಯಲ್ಲಿ ಮೂಡಬಹುದಾದ ಪ್ರತಿಯೊಂದು ದೋಷಸೂಚನೆಗೂ ಅರ್ಥವೇನು, ಆಗ ಏನು ಮಾಡಬೇಕು, ಏನು ಮಾಡಕೂಡದು ಎಂಬುದನ್ನು ಅವನು ಹೇಳಬೇಕು.

ಕೈಪಿಡಿಯನ್ನು ಯಾರೂ ಕಾದಂಬರಿಯಂತೆ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. 1980ರ ದಶಕದಲ್ಲಿ ಐಬಿಎಂ ಸಂಸ್ಥೆಯ ಸಂಶೋಧಕ ಜಾನ್ ಕ್ಯಾರಲ್ ಅವರು ಹೊಸಬರನ್ನು ಗಣಕದ ಮುಂದೆ ಕೂರಿಸಿ ನೋಡಿದರು. ಬಹುಮಂದಿ ಪುಸ್ತಕವನ್ನು ಬದಿಗಿಟ್ಟು ಕೀಲಿಗಳನ್ನು ಒತ್ತತೊಡಗಿದರು. ಕೆಲಸಗಳನ್ನೂ ತಪ್ಪಿದಾಗ ಹಿಂದಿರುಗುವ ದಾರಿಯನ್ನೂ ಮಾತ್ರ ಹೇಳುವ ಚಿಕ್ಕ ಕೈಪಿಡಿಯನ್ನು ಕೊಟ್ಟಾಗ ಅವರು ಬೇಗ ಕಲಿತರು. ‘ಕಡತಗಳ ನಿರ್ವಹಣೆ’ ಎಂಬ ಘನವಾದ ಶೀರ್ಷಿಕೆಗಿಂತ ‘ಅಳಿಸಿದ ಕಡತವನ್ನು ಮರಳಿ ಪಡೆಯುವುದು’ ಎಂಬುದು ಉಪಯುಕ್ತವೆಂದು ನಾವು ಹೇಳುವುದು ಇದಕ್ಕಾಗಿಯೇ. ಎಚ್ಚರಿಕೆಯ ಮಾತು ಆದೇಶಕ್ಕೆ ಮುಂಚೆ ಬರಬೇಕು, ‘ಅಳಿಸು ಗುಂಡಿಯನ್ನು ಒತ್ತಿರಿ, ಒತ್ತುವ ಮೊದಲು ಪ್ರತಿಯೊಂದನ್ನು ತೆಗೆದಿಡಿ’ ಎಂದು ಬರೆದರೆ ವಿಧೇಯ ಓದುಗನೇ ಮೊದಲು ಕೆಡುವನು. ಪರದೆಯಲ್ಲಿ ‘ಸೇವ್’ ಎಂದಿರುವಾಗ ನಾವು ಕನ್ನಡಿಗರು ಕೈಪಿಡಿಯಲ್ಲಿ ಬರಿದೇ ‘ಸಂರಕ್ಷಿಸು’ ಎಂದು ಬರೆದರೆ ಭಾಷಾಭಿಮಾನಕ್ಕೆ ತೃಪ್ತಿಯಾದೀತು. ಓದುಗನು ಮಾತ್ರ ಆ ಗುಂಡಿಯನ್ನು ಹುಡುಕುತ್ತಲೇ ಇರುವನು.

ಇನ್ನು ಪ್ರಾಮಾಣಿಕತೆಯ ಮಾತು. 1971ರ ನವೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ತಮ್ಮ ಯೂನಿಕ್ಸ್ ವ್ಯವಸ್ಥೆಗೆ ಕೈಪಿಡಿಯನ್ನು ಬರೆದರು. ಹೆಸರು, ಬಳಸುವ ರೀತಿ, ವಿವರಣೆ ಎಂದು ಪುಟಪುಟಕ್ಕೂ ಒಂದೇ ಕ್ರಮ. ಜೊತೆಗೆ ‘ಬಗ್ಸ್’, ಎಂದರೆ ತಮಗೆ ತಿಳಿದ ದೋಷಗಳು, ಎಂಬುದೊಂದು ತಲೆಬರಹ. ತಮ್ಮ ಕೃತಿಯ ಕುಂದನ್ನು ತಾವೇ ಬರೆದಿಡುವುದು ಸಂಕೋಚದ ವಿಷಯ. ಅದನ್ನು ಬರೆಯಲು ಕುಳಿತವರು ನಾಚಿ, ಲೇಖನಿಯನ್ನು ಕೆಳಗಿಟ್ಟು, ತಂತ್ರಾಂಶವನ್ನೇ ತಿದ್ದಿದ ಪ್ರಸಂಗಗಳೂ ಉಂಟೆಂದು ಅವರ ಸಹೋದ್ಯೋಗಿ ಡಗ್ಲಸ್ ಮೆಕಿಲ್ರಾಯ್ ನೆನೆದಿದ್ದಾರೆ.