ಕಡಲತೀರದಲ್ಲಿ ಮೊಬೈಲ್ ಫೋನು

ರಜೆ ಬಂದಿತೆಂದರೆ ಘಟ್ಟದ ಮೇಲಿನ ಕಾಲೇಜುಗಳಿಂದ ಮಲ್ಪೆ, ಮುರುಡೇಶ್ವರ, ಗೋಕರ್ಣಗಳಿಗೆ ಪ್ರವಾಸ ಹೊರಡುವುದು ವಾಡಿಕೆ. ಹಾಗೆ ಹೊರಟ ವಿದ್ಯಾರ್ಥಿಯ ಜೇಬಿನಲ್ಲಿ ಈಗ ಮೊಬೈಲ್ ಫೋನು ಇದ್ದೇ ಇರುತ್ತದೆ. ಹಿಂದಿರುಗುವ ರೈಲಿನ ಟಿಕೆಟು, ಊಟದ ಹಣ, ಮನೆಯವರ ಸಂಖ್ಯೆ, ವರ್ಷವೆಲ್ಲ ಕೂಡಿಸಿದ ಟಿಪ್ಪಣಿಗಳು ಎಲ್ಲವೂ ಅದರಲ್ಲಿಯೇ ಅಡಗಿರುವುದರಿಂದ, ಅದು ಕೆಟ್ಟರೆ ಆಗುವ ನಷ್ಟ ಅದರ ಬೆಲೆಯಷ್ಟೇ ಅಲ್ಲ. ನೀರು, ಮರಳು, ಬಿಸಿಲು ಈ ಮೂರೂ ಅದಕ್ಕೆ ಶತ್ರುಗಳೇ. ಇವುಗಳಲ್ಲಿ ಸಮುದ್ರದ ನೀರು ಮಾಡುವ ಕೆಲಸವನ್ನು ಅರಿಯದವರು, ಉಳಿಸಿಕೊಳ್ಳಬಹುದಾಗಿದ್ದ ಫೋನನ್ನೂ ಕಳೆದುಕೊಳ್ಳುತ್ತಾರೆ.

ಮಳೆಯಲ್ಲಿ ನೆನೆದು ಬದುಕಿದ ಫೋನು ಕಡಲಿನ ನಾಲ್ಕು ಹನಿಗಳಿಗೆ ಬಲಿಯಾಗುವುದುಂಟು. ನೀರಿಗೂ ನೀರಿಗೂ ಇಷ್ಟು ಭೇದವೇಕೆ? ಒಂದು ಲೀಟರು ಸಮುದ್ರಜಲದಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಕರಗಿದ ಲವಣವು ಧನ ಮತ್ತು ಋಣ ಅಯಾನುಗಳಾಗಿ ಬೇರ್ಪಟ್ಟು ವಿದ್ಯುತ್ತನ್ನು ಹೊರುತ್ತದೆ. ಆದುದರಿಂದ ಸಮುದ್ರಜಲದ ವಿದ್ಯುದ್ವಾಹಕತೆ ನಲ್ಲಿಯ ನೀರಿನದಕ್ಕಿಂತ ಹತ್ತಾರು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಹೆಚ್ಚು. ಫೋನಿನ ಲಿಥಿಯಂ-ಅಯಾನು ಬ್ಯಾಟರಿಯ ವೋಲ್ಟೇಜು ಸುಮಾರು 3.7. ನೀರನ್ನು ವಿಭಜಿಸಲು ತಾತ್ತ್ವಿಕವಾಗಿ 1.23 ವೋಲ್ಟು ಸಾಕು. ಒಳಗಿನ ಫಲಕದ ಮೇಲೆ ತಾಮ್ರದ ಗೆರೆಗಳು ಮಿಲಿಮೀಟರಿನ ಅಲ್ಪಭಾಗದಷ್ಟೇ ಅಂತರದಲ್ಲಿರುತ್ತವೆ. ಅಂತಹ ಎರಡು ಗೆರೆಗಳ ನಡುವೆ ಉಪ್ಪುನೀರಿನ ಹನಿಯೊಂದು ಕುಳಿತಿತೆಂದರೆ, ಅದೇ ಒಂದು ಪುಟ್ಟ ವಿದ್ಯುದ್ವಿಭಜನ ಪಾತ್ರೆ! ಧನಾಗ್ರವಾದ ಗೆರೆಯ ತಾಮ್ರ ಕರಗಿ, ಅಜ್ಜಿಯರು ಹುಣಿಸೆಹಣ್ಣಿನಿಂದ ಉಜ್ಜಿ ತೆಗೆಯುವ ಹಸಿರು ಕಿಲುಬಿನಂತಹ ವಸ್ತುವಾಗುತ್ತದೆ. ಗೆರೆ ತುಂಡಾದರೆ ಫೋನು ಮೂಕವಾಗುತ್ತದೆ.

ಇದನ್ನು ಮನೆಯಲ್ಲಿಯೇ ನೋಡಬಹುದು. 200 ಮಿಲಿಲೀಟರು ನೀರಿನ ಲೋಟಕ್ಕೆ 7 ಗ್ರಾಂ ಉಪ್ಪು ಹಾಕಿದರೆ ಸಮುದ್ರಜಲದಷ್ಟೇ ಉಪ್ಪಾಗುತ್ತದೆ. ಟಾರ್ಚಿನ ಮೂರು ಶುಷ್ಕಕೋಶಗಳನ್ನು ಸಾಲಾಗಿ ಜೋಡಿಸಿ, ಅವುಗಳ ತುದಿಗಳಿಂದ ಎರಡು ತಾಮ್ರದ ತಂತಿಗಳನ್ನು ಅದರಲ್ಲಿ ಇಳಿಬಿಡಿ. ಋಣಾಗ್ರದಲ್ಲಿ ಜಲಜನಕದ ಗುಳ್ಳೆಗಳು ಏಳುತ್ತವೆ. ಕೆಲವು ನಿಮಿಷಗಳಲ್ಲಿ ನೀರು ಕಲಕಿ ಬಣ್ಣಗೆಡುತ್ತದೆ. ಉಪ್ಪಿಲ್ಲದ ನೀರಿನಲ್ಲಿ ಇದೇ ಪ್ರಯೋಗ ಬಹು ಮಂದಗತಿಯಿಂದ ಸಾಗುತ್ತದೆ. (ಕಿಟಕಿ ತೆರೆದಿರಲಿ. ಫೋನಿನ ಬ್ಯಾಟರಿಯನ್ನು ಈ ಪ್ರಯೋಗಕ್ಕೆ ಬಳಸಲೇಕೂಡದು.)

ಒಣಗಿಸಿದರೆ ಸಾಲದೆ ಎಂದು ಕೇಳಬಹುದು. ಸಾಲದು. ನೀರು ಆರಿದರೂ ಲವಣ ಹೋಗುವುದಿಲ್ಲ. ಸಮುದ್ರದ ಲವಣದಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಸಹ ಇದ್ದು, ಅದು ಗಾಳಿಯ ತೇವವನ್ನು ಹೀರಿ ಮತ್ತೆ ದ್ರವವಾಗುತ್ತದೆ. ಮಳೆಗಾಲದಲ್ಲಿ ಕಲ್ಲುಪ್ಪಿನ ಭರಣಿ ನೀರೊಡೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದರಿಂದಲೇ ಫೋನನ್ನು ಅಕ್ಕಿಯ ಡಬ್ಬಿಯಲ್ಲಿ ಹೂಳುವ ಜನಪ್ರಿಯ ಚಿಕಿತ್ಸೆ ಇಲ್ಲಿ ನಿಷ್ಪ್ರಯೋಜಕ. ಅಕ್ಕಿ ಲವಣವನ್ನು ತೆಗೆಯಲಾರದು. ಅದರ ಹಿಟ್ಟು ರಂಧ್ರಗಳಲ್ಲಿ ಸೇರಿಕೊಳ್ಳುವುದೊಂದೇ ಫಲ.

ಪೆಟ್ಟಿಗೆಯ ಮೇಲೆ ‘ಐಪಿ 68’ ಎಂದು ಬರೆದಿರುವ ಫೋನುಗಳುಂಟು. ಇಲ್ಲಿ 6 ಎಂದರೆ ಧೂಳು ಒಳಹೊಗದು. 8 ಎಂದರೆ ತಯಾರಕರು ಹೇಳಿದ ಆಳದಲ್ಲಿ, ಹೇಳಿದಷ್ಟು ಕಾಲ ಮುಳುಗಿದ್ದರೂ ನೀರು ಹಾನಿ ಮಾಡದು. ಆದರೆ ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ಕಾಲಕ್ರಮದಲ್ಲಿ ಅಂಟು, ರಬ್ಬರುಗಳು ಸಡಿಲವಾಗುತ್ತವೆ. ಅಂತಹ ಫೋನಿಗೆ ಅಲೆ ತಾಕಿದರೆ ಕೂಡಲೇ ಆರಿಸಿ, ಕುಡಿಯುವ ನೀರನ್ನು ಮೆಲ್ಲನೆ ಸುರಿದು ಉಪ್ಪನ್ನು ತೊಳೆದು, ಒರಸಿ, ನೆರಳಿನ ಗಾಳಿಯಲ್ಲಿಡಬೇಕು. ನೀರಿಗೆ ನೀರೇ ಮದ್ದು ಎಂದರೆ ನಗು ಬರಬಹುದು. ಭೌತಶಾಸ್ತ್ರ ಹೇಳುವುದು ಅದನ್ನೇ. ಪೂರ್ಣವಾಗಿ ಆರುವವರೆಗೆ ಚಾರ್ಜಿಗೆ ಹಾಕುವುದು ಸರ್ವಥಾ ಸಲ್ಲದು. ಇಂತಹ ರಕ್ಷಣೆಯಿಲ್ಲದ ಫೋನಿನೊಳಗೆ ಉಪ್ಪುನೀರು ಹೊಕ್ಕರೆ, ಅದನ್ನು ಆರಿಸಿ ಅಂದೇ ರಿಪೇರಿಯವರಲ್ಲಿಗೆ ಒಯ್ಯುವುದು ಲೇಸು. ಅವರು ಫಲಕವನ್ನು ಆಲ್ಕೊಹಾಲಿನಿಂದ ಶುಚಿಮಾಡಬಲ್ಲರು. ಬ್ಯಾಟರಿ ಉಬ್ಬಿದ್ದರೆ ಅಥವಾ ಬಿಸಿಯೇರುತ್ತಿದ್ದರೆ ಚೀಲದಲ್ಲಿಟ್ಟುಕೊಳ್ಳದೆ ದೂರವಿಡಿ, ಅದು ಹೊತ್ತಿಕೊಳ್ಳಬಹುದು.

ಮರಳಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅದರ ಬಹುಭಾಗ ಬೆಣಚುಕಲ್ಲಿನ ಕಣಗಳು. ಮೋಸ್ ಮಾಪನದಲ್ಲಿ ಬೆಣಚುಕಲ್ಲಿನ ಕಾಠಿಣ್ಯ 7. ಫೋನಿನ ಗಾಜು ಅದಕ್ಕಿಂತ ಮೃದು. ಮರಳು ಮೆತ್ತಿದ ತೆರೆಯನ್ನು ಪಂಚೆಯಿಂದ ಉಜ್ಜಿದರೆ ಗೀರು ಬೀಳುವುದು ಖಂಡಿತ. ಮೊದಲು ಊದಬೇಕು, ಅನಂತರ ಒರಸಬೇಕು.

ಇನ್ನು ಬಿಸಿಲು. ನಡುಹಗಲಿನಲ್ಲಿ ಒಂದು ಚದರ ಮೀಟರಿನ ಮೇಲೆ ಸುಮಾರು 1000 ವಾಟಿನಷ್ಟು ಸೌರಶಕ್ತಿ ಬೀಳುತ್ತದೆ. 16 ಸೆಂಟಿಮೀಟರು ಉದ್ದ, 7.5 ಸೆಂಟಿಮೀಟರು ಅಗಲದ ಫೋನಿನ ಪಾಲಿಗೆ ಬರುವುದು 12 ವಾಟು. ಫೋನಿನ ತೂಕ 200 ಗ್ರಾಂ, ವಿಶಿಷ್ಟೋಷ್ಣ ಗ್ರಾಮಿಗೆ 0.9 ಜೂಲ್ ಎಂದಿಟ್ಟುಕೊಂಡರೆ, ಒಂದು ಡಿಗ್ರಿ ಏರಲು 180 ಜೂಲ್ ಬೇಕು. ಶಾಖವೆಲ್ಲ ಒಳಗೇ ಉಳಿದರೆ 15 ಸೆಕೆಂಡಿಗೊಂದು ಡಿಗ್ರಿ! ವಾಸ್ತವದಲ್ಲಿ ಗಾಳಿ ಒಂದಿಷ್ಟು ಶಾಖವನ್ನು ಒಯ್ಯುವುದರಿಂದ ಏರಿಕೆ ಇದಕ್ಕಿಂತ ನಿಧಾನ. ಆದರೆ ಕಾದ ಮರಳಿನ ಮೇಲಿಟ್ಟರೆ ಆ ಉಪಕಾರವೂ ತಗ್ಗುತ್ತದೆ. ಅನೇಕ ತಯಾರಕರು ಬಳಕೆಗೆ ವಿಧಿಸಿರುವ ಮಿತಿ 35 ಡಿಗ್ರಿ ಸೆಲ್ಸಿಯಸ್ ಪರಿಸರ. ಅದನ್ನು ಮೀರಿದ ಬಿಸಿ ಬ್ಯಾಟರಿಯ ಆಯುಸ್ಸನ್ನು ಕುಗ್ಗಿಸುತ್ತದೆ. ಚೀಲದ ನಡುವೆ, ಬಿಳಿಯ ಟವೆಲಿನಲ್ಲಿ ಸುತ್ತಿ, ಕೊಡೆಯ ನೆರಳಿನಲ್ಲಿಡುವುದು ಉತ್ತಮ.

ಕಾದ ಫೋನನ್ನು ತಂಪು ಪಾನೀಯದ ಐಸ್ ಪೆಟ್ಟಿಗೆಗೆ ಹಾಕುವ ಜಾಣರೂ ಇದ್ದಾರೆ. 30 ಡಿಗ್ರಿ ಉಷ್ಣತೆ, ಶೇಕಡ 75 ಸಾಪೇಕ್ಷ ಆರ್ದ್ರತೆಯ ಕಡಲಗಾಳಿಯ ಇಬ್ಬನಿಬಿಂದು ಸುಮಾರು 25 ಡಿಗ್ರಿ. ಪೆಟ್ಟಿಗೆಯಿಂದ ತೆಗೆದ ತಣ್ಣನೆಯ ಫೋನಿನ ಮೇಲೆ, ಗಾಳಿ ಹೊಕ್ಕೆಡೆಯಲ್ಲಿ ಒಳಗೂ, ಇಬ್ಬನಿ ಕೂಡುತ್ತದೆ. ಬಾಯಿ ಭದ್ರವಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲ ಅಲೆಯಿಂದಲೂ ಮರಳಿನಿಂದಲೂ ಕಾಪಾಡುತ್ತದೆ. ಆದರೆ ಹೊರಡುವ ಹಿಂದಿನ ದಿನ ಅದರೊಳಗೆ ಒಣಕಾಗದವನ್ನಷ್ಟೇ ಇಟ್ಟು, ಅರ್ಧ ಗಂಟೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ನೋಡಿ. ಕಾಗದ ಒದ್ದೆಯಾಗಿದ್ದರೆ ಬೇರೊಂದು ಚೀಲವನ್ನು ಕೊಳ್ಳಿ.