‘ಈ ವರ್ಷ ನಮಗೆ ಹಬ್ಬವಿಲ್ಲ’ ಎನ್ನುವ ಮನೆಗೆ



ಪಾಸ್ಖ ಹಬ್ಬ ಹತ್ತಿರವಾದಂತೆ ನಮ್ಮ ಧರ್ಮಕೇಂದ್ರಗಳ ಕೆಲವು ಮನೆಗಳಿಂದ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಈ ವರ್ಷ ನಮಗೆ ಹಬ್ಬವಿಲ್ಲ, ಫಾದರ್.” ಕಾರಣವನ್ನು ಯಾರೂ ಕೇಳುವುದಿಲ್ಲ. ಆ ಮನೆಯಲ್ಲಿ ಸಾವಾಗಿದೆ, ವರ್ಷ ತುಂಬಿಲ್ಲ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಅವರು ಶಿಲುಬೆಹಾದಿಗೆ ಬಂದಿದ್ದಾರೆ. ಶುಭ ಶುಕ್ರವಾರ ಶಿಲುಬೆಗೆ ಮುತ್ತಿಟ್ಟು ಅತ್ತಿದ್ದಾರೆ. ಆದರೆ ಶನಿವಾರ ರಾತ್ರಿ ಪಾಸ್ಖ ಜಾಗರಣೆಯಲ್ಲಿ ಮಹಿಮಾಗೀತೆಯೊಂದಿಗೆ ಗಂಟೆಗಳು ಮೊಳಗುವಾಗ ಆ ಮನೆಯ ದೀಪ ಆರಿರುತ್ತದೆ. ಪ್ರಭುವಿನ ಮರಣದವರೆಗೆ ಜೊತೆಯಲ್ಲಿ ನಡೆದವರು ಪುನರುತ್ಥಾನದ ಬಾಗಿಲಲ್ಲಿ ಹಿಂದಿರುಗಿಬಿಡುತ್ತಾರೆ.

ಅವರನ್ನು ಗದರಿಸಲು ಇದನ್ನು ಬರೆಯುತ್ತಿಲ್ಲ. ದುಃಖದಲ್ಲಿ ಕೈ ಓಡದಿದ್ದಾಗ ಯಾರೂ ಬಲವಂತವಾಗಿ ಒಲೆಯ ಮೇಲೆ ಬಾಣಲೆ ಇಡಬೇಕಾಗಿಲ್ಲ, ಹೊಸ ಬಟ್ಟೆ ಹೊಲಿಸಬೇಕಾಗಿಲ್ಲ. ಆದರೆ ‘ಮನಸ್ಸಿಲ್ಲ’ ಎನ್ನುವುದು ಒಂದು ಮಾತು, ‘ಮಾಡಬಾರದು’ ಎನ್ನುವುದು ಬೇರೆಯೇ ಮಾತು. ಮೊದಲನೆಯದನ್ನು ಪ್ರೀತಿ ಆಡಿಸುತ್ತದೆ, ಎರಡನೆಯದನ್ನು ಸೂತಕ ಆಡಿಸುತ್ತದೆ. ಸಾವು ಮನೆಯನ್ನು ಮೈಲಿಗೆ ಮಾಡುತ್ತದೆ, ಆ ಮೈಲಿಗೆ ಕಳೆಯುವತನಕ ಶುಭಕಾರ್ಯ ಕೂಡದು ಎಂಬ ಭಯ ನಮ್ಮ ಊರಿನ ಗಾಳಿಯಲ್ಲೇ ಇದೆ. ನಾವೂ ಆ ಗಾಳಿಯನ್ನೇ ಉಸಿರಾಡುವವರು.

ಹಳೆಯ ಒಡಂಬಡಿಕೆಯ ಜನರಿಗೂ ಇಂಥ ನಿಯಮವಿತ್ತು. ಶವವನ್ನು ಮುಟ್ಟಿದವನು ಏಳು ದಿನ ಅಶುದ್ಧನೆಂದು ಸಂಖ್ಯಾಕಾಂಡದ 19ನೆಯ ಅಧ್ಯಾಯ ಹೇಳುತ್ತದೆ. ಆ ನಿಯಮವನ್ನು ಚೆನ್ನಾಗಿ ಬಲ್ಲ ಯೇಸುಸ್ವಾಮಿ ನಾಯಿನ್ ಊರಿನ ಬಾಗಿಲಲ್ಲಿ ವಿಧವೆಯೊಬ್ಬಳ ಮಗನ ಚಟ್ಟಕ್ಕೆ ಕೈ ಚಾಚಿ ಮುಟ್ಟಿದರು (ಲೂಕ 7:14). ಯಾಯೀರನ ಮನೆಯಲ್ಲಿ ಸತ್ತ ಹುಡುಗಿಯ ಕೈ ಹಿಡಿದರು (ಮಾರ್ಕ 5:41). ಅವರು ಅಶುದ್ಧರಾಗಲಿಲ್ಲ, ಸತ್ತವರು ಎದ್ದರು. ಸೂತಕದ ಲೆಕ್ಕ ಅಲ್ಲಿಗೆ ಮುಗಿಯಿತು. ಸಾವಾದ ಮನೆಯವರು ಪಾಸ್ಖ ಆಚರಿಸಬಾರದೆಂಬ ನಿಯಮ ಧರ್ಮಸಭೆಯಲ್ಲಿ ಇಲ್ಲ. ಕ್ರೈಸ್ತರ ಶವಸಂಸ್ಕಾರ ವಿಧಿಯು ಮರಣದ ಪಾಸ್ಖ ಸ್ವರೂಪವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ವಿಧಿಸಿತು. ಪಾಸ್ಖ ಜಾಗರಣೆಯಲ್ಲಿ ಹೊಸ ಬೆಂಕಿಯಿಂದ ಹೊತ್ತಿಸುವ ದೊಡ್ಡ ಮೇಣದಬತ್ತಿಯನ್ನೇ ನಮ್ಮವರ ಶವಪೆಟ್ಟಿಗೆಯ ಬಳಿ ನಿಲ್ಲಿಸುವುದು ಅದಕ್ಕಾಗಿ. ಆ ಬತ್ತಿ ನಿಮ್ಮ ಮನೆಯವರ ಪಕ್ಕದಲ್ಲಿ ಆಗಲೇ ಉರಿದಿದೆ. ಹೀಗಿರುವಾಗ ಪಾಸ್ಖ ನಮ್ಮದಲ್ಲ ಎನ್ನುವುದು ಹೇಗೆ?

ಪಾಸ್ಖ ಒಂದೇ ದಿನದ ಹಬ್ಬವಲ್ಲ ಎಂಬುದೂ ಇಂಥ ಮನೆಗಳಿಗೆ ಒಂದು ಸಮಾಧಾನ. ಭಾನುವಾರದಿಂದ ಮುಂದಿನ ಭಾನುವಾರದವರೆಗೆ ಎಂಟು ದಿನಗಳನ್ನು ಧರ್ಮಸಭೆ ಒಂದೇ ಮಹೋತ್ಸವದಂತೆ ಆಚರಿಸುತ್ತದೆ. ಇದಕ್ಕೆ ಪಾಸ್ಖ ಅಷ್ಟಕವೆಂದು ಹೆಸರು. ಭಾನುವಾರ ಎದ್ದು ಬರಲಾಗದವರಿಗೆ ಸೋಮವಾರವಿದೆ, ಮಂಗಳವಾರವಿದೆ. ಸಾವು ಈ ಎಂಟು ದಿನಗಳಲ್ಲಿ ರಜೆ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ನಮ್ಮ ಕಾಲದಲ್ಲೇ ಎರಡು ಸಲ ನೋಡಿದ್ದೇವೆ. ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ತೀರಿಕೊಂಡದ್ದು 2005ರ ಏಪ್ರಿಲ್ 2ರಂದು, ಅಷ್ಟಕದ ಶನಿವಾರ ರಾತ್ರಿ. ಜಗದ್ಗುರು ಫ್ರಾನ್ಸಿಸ್ ಅವರು 2025ರ ಪಾಸ್ಖ ಭಾನುವಾರ ಜನರನ್ನು ಆಶೀರ್ವದಿಸಿ, ಮರುದಿನ ಸೋಮವಾರ, ಏಪ್ರಿಲ್ 21ರ ಬೆಳಿಗ್ಗೆ ಕಣ್ಮುಚ್ಚಿದರು. ಆ ವಾರ ರೋಮಿನಲ್ಲಿ ಕಣ್ಣೀರೂ ಇತ್ತು, ಅಲ್ಲೆಲೂಯವೂ ಇತ್ತು. ಒಂದಕ್ಕಾಗಿ ಇನ್ನೊಂದನ್ನು ಯಾರೂ ನಿಲ್ಲಿಸಲಿಲ್ಲ.

ಆ ಎಂಟು ದಿನಗಳ ಶುಭಸಂದೇಶವನ್ನು ಮನೆಯಲ್ಲಿ ದಿನಕ್ಕೊಂದರಂತೆ ಓದಲು ಇಲ್ಲಿ ಸ್ವಲ್ಪ ಸಹಾಯವಿದೆ. ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ಸಾಕು. ತೀರಿಕೊಂಡವರ ಫೋಟೋದ ಮುಂದೆ ಒಂದು ಮೇಣದಬತ್ತಿ ಹಚ್ಚಿ. ಮಕ್ಕಳಲ್ಲಿ ಒಬ್ಬರು ಓದಲಿ. ಎಲ್ಲರೂ ಮಾತನಾಡಲೇಬೇಕೆಂದಿಲ್ಲ.

ಸೋಮವಾರ (ಮತ್ತಾಯ 28:8-15). ಸಮಾಧಿಯಿಂದ ಓಡುವ ಸ್ತ್ರೀಯರಲ್ಲಿ ಭಯವೂ ಇತ್ತು, ಬಹಳ ಸಂತೋಷವೂ ಇತ್ತು. ಎರಡೂ ಒಂದೇ ಎದೆಯಲ್ಲಿ. ಪಾಸ್ಖದ ಸಂತೋಷ ಎಂದರೆ ದುಃಖವನ್ನು ಹೊರಗೆ ಬಿಟ್ಟು ಬರುವ ಸಂತೋಷ ಎಂದುಕೊಂಡವರು ಈ ಒಂದು ವಚನವನ್ನು ಎರಡು ಸಲ ಓದಲಿ. ಕಾವಲುಗಾರರಿಗೆ ಲಂಚ ಕೊಟ್ಟು ಸುಳ್ಳು ಹೇಳಿಸಿದ ಸಂಗತಿಯೂ ಇದೇ ವಾಚನದಲ್ಲಿದೆ. ತಾವು ನಿದ್ರಿಸುತ್ತಿದ್ದಾಗ ಶಿಷ್ಯರು ದೇಹವನ್ನು ಕದ್ದರಂತೆ! ನಿದ್ದೆ ಹೋದವರನ್ನು ಸಾಕ್ಷಿಗೆ ನಿಲ್ಲಿಸುತ್ತೀರಲ್ಲ ಎಂದು ಸಂತ ಅಗಸ್ತೀನರು ಹಂಗಿಸಿದ್ದಾರೆ. ಮಕ್ಕಳು ಇದನ್ನು ಕೇಳಿ ನಗುತ್ತಾರೆ. ನಗಲಿ.

ಮಂಗಳವಾರ (ಯೊವಾನ್ನ 20:11-18). ಈ ದಿನಕ್ಕೆ ಹೆಚ್ಚು ಸಮಯ ಕೊಡಿ. ಪೇತ್ರನೂ ಇನ್ನೊಬ್ಬ ಶಿಷ್ಯನೂ ಸಮಾಧಿಯನ್ನು ನೋಡಿ ಮನೆಗೆ ಹೋದರು. ಮಗ್ದಲದ ಮರಿಯಳು ಹೋಗಲಿಲ್ಲ, ಅಳುತ್ತಾ ಅಲ್ಲೇ ನಿಂತಳು. ಯಾಕೆ ಅಳುತ್ತೀಯೆ ಎಂದು ದೇವದೂತರು ಕೇಳುತ್ತಾರೆ, ಆಮೇಲೆ ಯೇಸುವೂ ಕೇಳುತ್ತಾರೆ. ಆದರೆ ಅಳಬೇಡ ಎಂದು ಇಬ್ಬರೂ ಹೇಳುವುದಿಲ್ಲ. ಸಾವಿನ ಮನೆಗೆ ಹೋದಾಗ ನಾವು ಮೊದಲು ಏನು ಹೇಳುತ್ತೇವೆ? “ಅಳಬಾರದಮ್ಮ, ದೇವರಿಗೆ ಬೇಕಾದವರು, ಕರೆದುಕೊಂಡ.” ಹೇಳುವವರ ಉದ್ದೇಶ ಒಳ್ಳೆಯದೇ. ಆದರೂ ಈ ಮಾತು ದುಃಖದಲ್ಲಿರುವವರ ಬಾಯಿ ಮುಚ್ಚಿಸುತ್ತದೆ, ದೇವರನ್ನು ಕಿತ್ತುಕೊಂಡು ಹೋಗುವವನಂತೆ ತೋರಿಸುತ್ತದೆ. ಲಾಜರನ ಸಮಾಧಿಯ ಬಳಿ ಪ್ರಭುವೇ ಅತ್ತರು. ತಾವು ಅವನನ್ನು ಎಬ್ಬಿಸಲಿರುವುದು ಗೊತ್ತಿದ್ದೂ ಅತ್ತರು. ಸಂತ ಪೌಲರೂ ಥೆಸಲೋನಿಯದವರಿಗೆ ದುಃಖಿಸಲೇಬೇಡಿ ಎಂದು ಬರೆಯಲಿಲ್ಲ, ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದರು.

ಮರಿಯಳು ಪ್ರಭುವನ್ನು ತೋಟಗಾರನೆಂದೇ ತಿಳಿದಳು. ಅವಳ ಕಣ್ಣು ತೆರೆದದ್ದು ತನ್ನ ಹೆಸರು ಕೇಳಿದಾಗ. ಬೋಧನೆ ಬೇಕಾಗಲಿಲ್ಲ, ಹೆಸರು ಸಾಕಾಯಿತು. ನಿಮ್ಮ ಮನೆಯಲ್ಲಿ ಅಗಲಿದವರ ಹೆಸರನ್ನು ಹೇಳಲು ಎಲ್ಲರೂ ಹಿಂಜರಿಯುತ್ತಿದ್ದರೆ, ಈ ರಾತ್ರಿ ಆ ಹೆಸರನ್ನು ಎಲ್ಲರೂ ಒಮ್ಮೆ ಗಟ್ಟಿಯಾಗಿ ಹೇಳಿ. ಅಜ್ಜಿ ‘ಮಗಾ’ ಎನ್ನುತ್ತಿದ್ದರೆ ಹಾಗೆಯೇ ಹೇಳಲಿ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಲು ಪ್ರಭು ಆರಿಸಿದ್ದು ಕಣ್ಣೀರಿನ ಮುಖದ ಈ ಹೆಂಗಸನ್ನು. 2016ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಜುಲೈ 22ರ ಅವಳ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಮಟ್ಟಕ್ಕೆ ಏರಿಸಿದರು. ನಮ್ಮ ಕೆಲವು ಮನೆಗಳಲ್ಲೋ, ಗಂಡನನ್ನು ಕಳೆದುಕೊಂಡ ತಾಯಿ ಸ್ವಂತ ಮಗಳ ಮದುವೆಯಲ್ಲೇ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾಳೆ. ಮದುಮಗಳ ತಲೆಗೆ ಎಣ್ಣೆ ಹಚ್ಚಲು ಬೇರೆ ಯಾರನ್ನೋ ಕರೆಯುತ್ತಾರೆ. ಅಪಶಕುನವಂತೆ! ಪಾಸ್ಖದ ಮುಂಜಾನೆ ಪ್ರಭು ಹೀಗೆ ಶಕುನ ನೋಡಿದ್ದರೆ ಶುಭಸಂದೇಶ ನಮ್ಮ ತನಕ ಬರುತ್ತಿತ್ತೇ? ಈ ವಾಚನದ ನಂತರ ಪ್ರಾರ್ಥನೆಯನ್ನು ಮುನ್ನಡೆಸಲು ಮನೆಯ ಆ ತಾಯಿಗೇ ಹೇಳಿ.

ಬುಧವಾರ (ಲೂಕ 24:13-35). ಜೆರುಸಲೇಮಿನಿಂದ ಎಮ್ಮಾವುಸಿಗೆ ಸುಮಾರು 11 ಕಿಲೋಮೀಟರ್. ಇಬ್ಬರು ಶಿಷ್ಯರು ಮುಖ ಬಾಡಿಸಿಕೊಂಡು ನಡೆಯುತ್ತಿದ್ದಾರೆ. ಅವರ ನಿರೀಕ್ಷೆಯೆಲ್ಲ ಭೂತಕಾಲಕ್ಕೆ ಸೇರಿಹೋಗಿದೆ: ಅವರೇ ಬಿಡುಗಡೆ ಮಾಡುವವರೆಂದು ನಂಬಿದ್ದೆವು ಎನ್ನುತ್ತಾರೆ. ‘ಗುಣವಾಗಿ ಬರುತ್ತಾರೆಂದು ನಂಬಿದ್ದೆವು’ ಎಂದು ಎಷ್ಟು ಮನೆಗಳಲ್ಲಿ ಕೇಳಿದ್ದೇವೆ! ಜೊತೆಗೂಡಿದ ಅಪರಿಚಿತನಿಗೆ ಎಲ್ಲವೂ ಗೊತ್ತು. ಆ ಗಾಯ ಅವನದ್ದೇ. ಆದರೂ ಏನು ನಡೆಯಿತೆಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಸುಮ್ಮನೆ ನಡೆಯುತ್ತಾನೆ. ಉಪದೇಶ ಆಮೇಲೆ. ಅಪ್ಪನ ಕೊನೆಯ ರಾತ್ರಿಯ ಆಸ್ಪತ್ರೆಯ ಕಥೆಯನ್ನು ಅಮ್ಮ ಹತ್ತನೆಯ ಸಲ ಹೇಳುವಾಗ “ಅದೇ ಮಾತು ಯಾಕಮ್ಮಾ” ಎನ್ನುವ ಮಕ್ಕಳು ಇದನ್ನು ಗಮನಿಸಲಿ. ಕೊನೆಗೆ ಅವರು ಪ್ರಭುವನ್ನು ಗುರುತಿಸಿದ್ದು ರೊಟ್ಟಿ ಮುರಿಯುವಾಗ. ಸಾಧ್ಯವಾದರೆ ಈ ದಿನ ಮನೆಯವರೆಲ್ಲ ಒಟ್ಟಿಗೆ ಬಲಿಪೂಜೆಗೆ ಹೋಗಿ.

ಗುರುವಾರ (ಲೂಕ 24:35-48). ಪ್ರಭು ತಮ್ಮ ಕೈಕಾಲುಗಳನ್ನು ತೋರಿಸಿ, ಸುಟ್ಟ ಮೀನಿನ ಒಂದು ತುಂಡನ್ನು ಶಿಷ್ಯರ ಮುಂದೆಯೇ ತಿನ್ನುತ್ತಾರೆ. ನಾವು ವಿಶ್ವಾಸ ಸಂಗ್ರಹದಲ್ಲಿ ಹೇಳುವುದು ಶರೀರದ ಪುನರುತ್ಥಾನವನ್ನು. ಆತ್ಮ ಎಲ್ಲೋ ಗಾಳಿಯಲ್ಲಿ ಉಳಿಯುತ್ತದೆ ಎಂಬ ಅರೆಬರೆ ನೆಮ್ಮದಿಯನ್ನಲ್ಲ. ನೀವು ಸ್ನಾನ ಮಾಡಿಸಿ, ಬಟ್ಟೆ ಉಡಿಸಿ, ಮಣ್ಣಿಗೆ ಕೊಟ್ಟ ಆ ದೇಹಕ್ಕೂ ದೇವರ ಬಳಿ ಲೆಕ್ಕವಿದೆ.

ಶುಕ್ರವಾರ (ಯೊವಾನ್ನ 21:1-14). ತಿಬೇರಿಯ ಸರೋವರದ ದಡದಲ್ಲಿ ಬೆಳಗಿನ ಊಟ. ಬಲೆಗೆ ಬಿದ್ದದ್ದು 153 ಮೀನುಗಳು. ಆ ಸಂಖ್ಯೆಗೆ ಪಂಡಿತರು ಕೊಟ್ಟ ಅರ್ಥಗಳು ಹಲವಾರು, ಮನೆಯ ಪ್ರಾರ್ಥನೆಗೆ ಅವು ಬೇಡ. ನೋಡಬೇಕಾದದ್ದು ದಡದ ಮೇಲಿನ ಕೆಂಡದ ಒಲೆಯನ್ನು. ಸಂತ ಯೊವಾನ್ನರು ಇಲ್ಲಿ ಬಳಸಿದ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನು ಒಂದೇ ಒಂದು ಕಡೆ ಬರುತ್ತದೆ. ಅದು ಪ್ರಧಾನ ಯಾಜಕನ ಅಂಗಳದಲ್ಲಿ, ಪೇತ್ರ ಚಳಿ ಕಾಯಿಸಿಕೊಳ್ಳುತ್ತಾ ತನ್ನ ಗುರುವನ್ನು ಅರಿಯೆನೆಂದ ಆ ಕೆಂಡದ ಬಳಿ (18:18). ಅಂಥದೇ ಕೆಂಡ, ಅದೇ ಹೊಗೆಯ ವಾಸನೆ. ಪ್ರಭು ಪೇತ್ರನನ್ನು ಅದರ ಬಳಿಗೇ ಕರೆದು ಊಟ ಬಡಿಸುತ್ತಾರೆ.

ಸಾವಿನ ನಂತರ ಮನೆಗಳಲ್ಲಿ ಅಳುವಿಗಿಂತ ಆಳವಾಗಿ ಉಳಿಯುವುದು ಅಪರಾಧ ಭಾವ. ಇನ್ನೊಂದು ದಿನ ಮುಂಚೆ ಆಸ್ಪತ್ರೆಗೆ ಕರೆದೊಯ್ದಿದ್ದರೆ? ಆ ದಿನ ಫೋನಿನಲ್ಲಿ ಹಾಗೆ ಸಿಡುಕದಿದ್ದರೆ? ದುಬೈಯಿಂದ, ಕುವೈತಿನಿಂದ ಸಮಯಕ್ಕೆ ತಲುಪಲಾಗದ ಮಗನಿಗೆ ಈ ಪ್ರಶ್ನೆ ನಿದ್ದೆ ಕೊಡುವುದಿಲ್ಲ. 2020 ಮತ್ತು 2021ರ ಕೊರೊನಾ ತಿಂಗಳುಗಳಲ್ಲಿ ಹೆತ್ತವರ ಮುಖವನ್ನೂ ನೋಡಲಾಗದೆ ಮಣ್ಣು ಮಾಡಿದವರು ಇಂದಿಗೂ ಇದನ್ನು ಹೊತ್ತು ನಡೆಯುತ್ತಿದ್ದಾರೆ. ಹೊತ್ತವರು ಆ ಕೆಂಡದ ಬಳಿಗೆ ಪೇತ್ರನಂತೆ ಬರಬಹುದು. ಪಾಪನಿವೇದನೆಗೆ ತಪಸ್ಸುಕಾಲವೇ ಆಗಬೇಕೆಂದಿಲ್ಲ. ಅಷ್ಟಕದಲ್ಲೂ ಗುರುಗಳನ್ನು ಕೇಳಿಕೊಳ್ಳಿ. ಅಲ್ಲಿ ಹೇಳಬೇಕಾದದ್ದು ಪಾಪವೋ ಬರೀ ನೋವೋ ಎಂದು ಗೊತ್ತಾಗದಿದ್ದರೆ ಅದನ್ನೂ ಹಾಗೆಯೇ ಹೇಳಿ. ಜಗದ್ಗುರು ಫ್ರಾನ್ಸಿಸ್ ಅವರ ಅಂತ್ಯಸಂಸ್ಕಾರದ ಪೂಜೆಯಲ್ಲಿ ಓದಿದ್ದು ಈ ವಾಚನದ ಮುಂದಿನ ವಚನಗಳನ್ನೇ (21:15-19). ಮೂರು ಸಲ ಅರಿಯೆನೆಂದವನಿಗೆ ಪ್ರಭು ಮೂರು ಸಲ ಪ್ರೀತಿಯ ಪ್ರಶ್ನೆ ಕೇಳಿದ ಭಾಗವದು.

ಶನಿವಾರ (ಮಾರ್ಕ 16:9-15). ಚಿಕ್ಕ ವಾಚನ. ಮರಿಯಳು ಹೇಳಿದಳು, ನಂಬಲಿಲ್ಲ. ಇಬ್ಬರು ಬಂದು ಹೇಳಿದರು, ನಂಬಲಿಲ್ಲ. ಪ್ರಭು ಗದರಿದ್ದೂ ಉಂಟು, ಗದರಿದ ಮೇಲೆ ಅವರನ್ನೇ ಲೋಕಕ್ಕೆಲ್ಲ ಕಳುಹಿಸಿದ್ದೂ ಉಂಟು. ನಂಬಿಕೆ ತಡವಾಗಿ ಬಂದವರೇ ನಮ್ಮ ಪ್ರೇಷಿತರು.

ಎಂಟನೆಯ ದಿನ, ಭಾನುವಾರ (ಯೊವಾನ್ನ 20:19-31). 2000ದಿಂದ ಇದನ್ನು ದೈವ ಕರುಣೆಯ ಭಾನುವಾರವೆಂದೂ ಆಚರಿಸುತ್ತೇವೆ. ಉಳಿದವರೆಲ್ಲ ಪ್ರಭುವನ್ನು ಕಂಡಾಗ ತೋಮ ಮನೆಯಲ್ಲಿರಲಿಲ್ಲ. ಎಲ್ಲರೂ ಹರ್ಷದಲ್ಲಿದ್ದಾಗ ಒಬ್ಬನೇ ಆ ಹರ್ಷದ ಹೊರಗೆ ಎಂಟು ದಿನ ಕಳೆದ. ನಮ್ಮ ಭಾರತದಲ್ಲಿ ಶುಭಸಂದೇಶ ಸಾರಿದರೆಂದು ನಾವು ಗೌರವಿಸುವ ಪ್ರೇಷಿತರು ಇವರೇ. ಹಬ್ಬವಿಲ್ಲ ಎಂದ ಮೊದಲ ಮನೆ ತೋಮನದು ಎನ್ನಬಹುದೇನೋ. ಅವನನ್ನು ಉಳಿದವರು ಹೊರಗೆ ಹಾಕಲಿಲ್ಲ, ಅವನೂ ಅವರನ್ನು ಬಿಟ್ಟು ಹೋಗಲಿಲ್ಲ. ಪ್ರಭು ಮತ್ತೆ ಬಂದದ್ದು ಅವನಿಗಾಗಿ, ಗಾಯಗಳೊಂದಿಗೇ ಬಂದರು. ಪುನರುತ್ಥಾನವು ಗಾಯಗಳನ್ನು ಅಳಿಸಿರಲಿಲ್ಲ. 2019ರ ಏಪ್ರಿಲ್ 21ರ ಪಾಸ್ಖ ಭಾನುವಾರ ಶ್ರೀಲಂಕಾದ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ ದೇವಾಲಯದಲ್ಲಿ ಬಾಂಬು ಸಿಡಿದಾಗ, ಪುನರುತ್ಥಿತ ಪ್ರಭುವಿನ ಪ್ರತಿಮೆಯ ಮೇಲೆ ಭಕ್ತರ ರಕ್ತ ಚಿಮ್ಮಿತು. ಆ ಚಿತ್ರವನ್ನು ನಮ್ಮಲ್ಲಿ ಅನೇಕರು ಪತ್ರಿಕೆಗಳಲ್ಲಿ ನೋಡಿದ್ದೇವೆ.

ಭಾನುವಾರ ಸಂಜೆ ಮನೆಯವರೆಲ್ಲ ಸೇರಿ ಸಮಾಧಿಯ ಬಳಿ ಹೋಗಿಬನ್ನಿ. ನವೆಂಬರ್ 2ರವರೆಗೆ ಕಾಯಬೇಕಾಗಿಲ್ಲ. ಕಳೆ ಬೆಳೆದಿದ್ದರೆ ಕಿತ್ತುಹಾಕಿ, ಒಂದು ಪರಲೋಕ ಮಂತ್ರ ಹೇಳಿ, ಅಲ್ಲೆಲೂಯ ಹಾಡಲು ಗಂಟಲು ಬಿಡದಿದ್ದರೆ ಸುಮ್ಮನೆ ನಿಂತು ಬನ್ನಿ. ಮರುದಿನ ಸೋಮವಾರದ ಬಲಿಪೂಜೆಯಲ್ಲಿ ಸಾಮಾನ್ಯವಾಗಿ ಓದುವುದು ನಿಕೊದೇಮನ ಕಥೆ (ಯೊವಾನ್ನ 3:1-8). ಹೊಸ ಹುಟ್ಟು ಹೇಗೆ ಸಾಧ್ಯ ಎಂದು ಕೇಳಲು ರಾತ್ರಿಯ ಕತ್ತಲಲ್ಲಿ ಬಂದ ಆ ಹಿರಿಯ, ಪ್ರಭುವಿನ ದೇಹವನ್ನು ಮಣ್ಣಿಗಿಡುವ ಸಂಜೆ ಮೂವತ್ತು ಕಿಲೋಗೂ ಹೆಚ್ಚು ತೂಕದ ರಕ್ತಬೋಳ ಮತ್ತು ಅಗರನ್ನು ತಂದವನೂ ಅವನೇ.