ಪರ್ಸಿ ನೆಲದ ರೋಬೋಟು

ಗೆರೆ ಹಿಡಿದು ಓಡುವ ರೋಬೋಟಿನ ಪ್ರೋಗ್ರಾಮು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತದೆ. ಹೆಚ್ಚಿನವು ಬಿಳಿ ಹಾಳೆಯ ಮೇಲೆ ಕಪ್ಪು ಟೇಪು ಅಂಟಿಸಿಕೊಂಡವರು ಬರೆದದ್ದು. ನಮ್ಮೂರು ರಾವೂರಿನಲ್ಲಿ ಬಿಳಿ ನೆಲ ಎಲ್ಲಿಂದ ತರೋಣ? ಮನೆ, ಗುಡಿ, ಶಾಲೆ ಎಲ್ಲಿ ನೋಡಿದರೂ ಹಾಸಿರುವುದು ಪರ್ಸಿ. ಹೊರಗಿನವರು ಶಹಾಬಾದ್ ಕಲ್ಲು ಎನ್ನುವ ಬೂದು ಸುಣ್ಣದಕಲ್ಲು. ಹುಡುಗರಿಗೆ ಆರ್ಡುಯಿನೊ ಬೋರ್ಡಿನಲ್ಲಿ ಪ್ರೋಗ್ರಾಮು ಕಲಿಸಲು ಕುಳಿತ ನನಗೆ ಮೊದಲು ಪಾಠ ಹೇಳಿದ್ದು ಈ ನೆಲವೇ.

ರೋಬೋಟಿನ ಹೊಟ್ಟೆಯಡಿಯ ಸೆನ್ಸರು ಇನ್‌ಫ್ರಾರೆಡ್ ಬೆಳಕು ಬಿಟ್ಟು, ಮರಳಿ ಬಂದದ್ದನ್ನು ಹಿಡಿಯುತ್ತದೆ; ಬೋರ್ಡು ಅದನ್ನು 0ಯಿಂದ 1023ರೊಳಗಿನ ಒಂದು ಅಂಕಿಯಾಗಿ ಓದುತ್ತದೆ. ನಮ್ಮ ಸೆನ್ಸರಿನಲ್ಲಿ ಬೆಳಕು ಕಡಿಮೆ ಮರಳಿದಷ್ಟೂ ಅಂಕಿ ದೊಡ್ಡದು. ಇಂಟರ್ನೆಟ್ಟಿನ ಪ್ರೋಗ್ರಾಮಿನಲ್ಲಿ ಗಡಿ 500 ಎಂದಿತ್ತು: ಅದಕ್ಕಿಂತ ಹೆಚ್ಚಾದರೆ ಕಪ್ಪು. ನಮ್ಮ ಪರ್ಸಿಯೂ ಆ ಗಡಿ ದಾಟುತ್ತಿತ್ತು. ಗಾಡಿ ನಿಂತಲ್ಲೇ ಗಿರಗಿರ ತಿರುಗಿತು. ‘ಇದಕ್ಕ ಹುಚ್ಚ ಹಿಡದದ್ರೀ ಸರ’ ಎಂದು ಹುಡುಗರು ನಕ್ಕರು, ನಕ್ಕು ಪ್ರೋಗ್ರಾಮಿನ ಸಾಲು ತಿದ್ದಲು ಹೊರಟರು. ನಾನು ಕೀಬೋರ್ಡು ಮುಟ್ಟಗೊಡಲಿಲ್ಲ. ಮೋಟರಿನ ವೈರು ಬಿಚ್ಚಿಸಿ, ಸೆನ್ಸರಿನ ಅಂಕಿಯನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್ ತೆರೆಸಿ, ಗಾಡಿಯನ್ನು ಕೈಯಿಂದ ದೂಡುತ್ತ ಅಂಕಿ ಬರೆದುಕೊಳ್ಳಿ ಎಂದೆ. ಟೇಪಿನ ಮೇಲೆ ಒಂದು, ಕಲ್ಲಿನ ಮೇಲೆ ಒಂದು, ಎರಡು ಕಲ್ಲಿನ ನಡುವಿನ ಸಿಮೆಂಟ್ ಸಂದಿಯ ಮೇಲೆ ಮತ್ತೊಂದು. ಕಿಟಕಿಯ ಬಿಸಿಲು ಬಿದ್ದಲ್ಲಿ ಎಲ್ಲವೂ ಬೇರೆ, ಯಾಕೆಂದರೆ ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ. ಆಮೇಲೆ ಗಡಿಯನ್ನು ಹುಡುಗರೇ ಹಾಕಿದರು. ಓಡಿಸುವ ಮುನ್ನ ನೆಲವನ್ನೂ ಟೇಪನ್ನೂ ಒಮ್ಮೆ ಓದಿ ನಡುವಿನ ಅಂಕಿ ತೆಗೆದುಕೊಳ್ಳುವಂತೆ ಪ್ರೋಗ್ರಾಮನ್ನೇ ಬದಲಿಸಿದವಳು ಒಬ್ಬ ಹುಡುಗಿ.

ಎರಡನೆಯ ಕಾಟ ಬ್ಯಾಟರಿಯದು. ಲ್ಯಾಪ್‌ಟಾಪಿಗೆ ಜೋಡಿಸಿದಾಗ ಸರಿಯಾಗಿರುವ ಗಾಡಿ ಕೇಬಲ್ ಕಿತ್ತ ಕೂಡಲೇ ತಡವರಿಸಿದರೆ ಪ್ರೋಗ್ರಾಮನ್ನು ಬೈಯಬೇಡಿ. ಚೌಕದ 9 ವೋಲ್ಟ್ ಬ್ಯಾಟರಿ ಎರಡು ಮೋಟರು ಎಳೆಯಲಾರದು. ಮೋಟರು ಶುರುವಾದಾಗ ವೋಲ್ಟೇಜ್ ಕುಸಿದು ಬೋರ್ಡು ಮೊದಲಿನಿಂದ ಆರಂಭಿಸುತ್ತದೆ. ಅದರ ಮೇಲೆ ಮೋಟರು ನಡೆಸುವ ಎಲ್298ಎನ್ ಡ್ರೈವರು ತಾನೇ ಸುಮಾರು 2 ವೋಲ್ಟ್ ತಿನ್ನುತ್ತದೆ. ಬೋರ್ಡು ಹೀಗೆ ಮತ್ತೆ ಆರಂಭಿಸುವುದನ್ನು ಹಿಡಿಯಲು, ಪ್ರೋಗ್ರಾಮಿನ ಆರಂಭದಲ್ಲಿ ಒಮ್ಮೆ ಮಾತ್ರ ನಡೆಯುವ ಸೆಟಪ್ ಭಾಗದಲ್ಲಿ 13ನೇ ಪಿನ್ನಿನ ದೀಪ ಮೂರು ಸಲ ಮಿನುಗುವಂತೆ ಬರೆಸುತ್ತೇನೆ. ಓಟದ ನಡುವೆ ಮತ್ತೆ ಮೂರು ಸಲ ಮಿನುಗಿತೋ, ಬೋರ್ಡು ಸತ್ತು ಹುಟ್ಟಿದೆ ಎಂದರ್ಥ.

ಉಳಿದ ತಪ್ಪುಗಳು, ಪ್ರೋಗ್ರಾಮಿನಲ್ಲಿ ಅರ್ಧವಿರಾಮ ಬಿಟ್ಟದ್ದು, ಎರಡು ಸಮಚಿಹ್ನೆ ಹಾಕುವಲ್ಲಿ ಒಂದೇ ಹಾಕಿದ್ದು, ಬ್ಯಾಟರಿ ಮತ್ತು ಬೋರ್ಡಿನ ಗ್ರೌಂಡ್ ಸೇರಿಸದೇ ಇದ್ದದ್ದು ಎಲ್ಲರಿಗೂ ಆಗುವಂಥವೇ.

ನಮ್ಮ ಬಿಸಿಲಿನದು ಮಾತ್ರ ಬೇರೆ ಕಥೆ. ಶಬ್ದ ಬಿಟ್ಟು ಅದರ ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರಿನ ಸಿದ್ಧ ಸೂತ್ರದಲ್ಲಿ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದಿರುತ್ತದೆ. ಅದು 15 ಡಿಗ್ರಿ ಆಸುಪಾಸಿನ ಹವೆಗೆ ಸರಿ. ಮೇ ತಿಂಗಳ 42 ಡಿಗ್ರಿಯಲ್ಲಿ ವೇಗ 357ರ ಹತ್ತಿರ. ಒಂದು ಮೀಟರ್ ದೂರದ ಗೋಡೆಯನ್ನು ರೋಬೋಟು 95 ಸೆಂಟಿಮೀಟರ್ ಎನ್ನುತ್ತದೆ. ಅಳತೆಪಟ್ಟಿ ಹಿಡಿದು ಅಳೆದ ಹುಡುಗರಿಗೆ ಭೌತಶಾಸ್ತ್ರದ ಆ ಪಾಠವನ್ನು ನಾನು ಮತ್ತೆ ಮಾಡಬೇಕಾಗಲಿಲ್ಲ.

2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಬಂದ ಮೇಲೆ ಇಂಥ ಬೋರ್ಡುಗಳು ಹಳ್ಳಿಯ ಶಾಲೆಗಳಿಗೂ ಬರತೊಡಗಿವೆ. ನಿಮ್ಮೂರ ಶಾಲೆಗೆ ಏನಾದರೂ ಕೊಡುವ ಮನಸ್ಸಿದ್ದರೆ ದುಬಾರಿ ಕಿಟ್ ಬೇಡ. ಒಂದು ಮಲ್ಟಿಮೀಟರು, ಚಾರ್ಜ್ ಮಾಡಬಹುದಾದ ಬ್ಯಾಟರಿ, ಒಂದಿಷ್ಟು ಜಂಪರ್ ವೈರು ಕೊಡಿಸಿ.